ಹನ್ನೊಂದನೇ ಕಾಲಂ

ಹತ್ತನೇ ತರಗತಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಅವಳು ಶಾಲೆಗೊಂದು ದೊಡ್ಡ ನಮಸ್ಕಾರ ಹಾಕಿ, ಹದಿನೈದಕ್ಕೇ ಉದ್ಯೋಗ ಕಚೇರಿಯ ಮೆಟ್ಟಿಲು ಹತ್ತಿದಳು. ಪ್ರತಿ ಸೋಮವಾರ ಬಂದು ಅರ್ಜಿ ಕೊಡಬೇಕು, ತಪ್ಪಿದರೆ ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತಿತ್ತು. ಪಟ್ಟಿಯ ತಲೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಅದು ಬೇರೆ ಮಾತು. ಒಂದು ವಾರವೂ ತಪ್ಪಿಸದ ಅವಳಿಗೆ ‘ಸೋಮವಾರದವಳು’ ಎಂಬ ಬಿರುದು ಸಿಕ್ಕಿತು.

ಅರ್ಜಿಯ ಹನ್ನೊಂದನೇ ಕಾಲಂ ‘ಅನುಭವ’. ಅಲ್ಲಿ ಅವಳು ದುಂಡಗೆ ‘ಇಲ್ಲ’ ಎಂದು ಬರೆಯುತ್ತಿದ್ದಳು. ಔಷಧಿ ಅಂಗಡಿಯವನು, ಬಟ್ಟೆ ಮಳಿಗೆಯವಳು, ಎಲ್ಲರೂ ಅದನ್ನು ನೋಡಿ, ಮೊದಲು ಅನುಭವ ಪಡೆದು ಬಾ ಎಂದು ಬುದ್ಧಿ ಹೇಳಿದ ಪುಣ್ಯಾತ್ಮರೇ. ಎರಡು ವರ್ಷ ದುಡಿದ ಮೇಲೆ ಹುಟ್ಟಿದವರಿಗೆ ಮಾತ್ರ ಕೆಲಸ ಕೊಡುವುದೆಂದು ಪಣ ತೊಟ್ಟಿದ್ದರೋ ಏನೋ.

ಸರದಿಯಲ್ಲಿ ಸುಮ್ಮನೆ ನಿಲ್ಲುವುದು ಅವಳ ಜಾಯಮಾನವಲ್ಲ. ಅಕ್ಕಪಕ್ಕದವರ ಅರ್ಜಿ ತುಂಬಿಕೊಡತೊಡಗಿದಳು. ಕಚೇರಿಯ ಗುಮಾಸ್ತರಿಗೆ ಪರಮಾನಂದವಾಯಿತು. ಕಿಟಕಿ ಪಕ್ಕ ಸ್ಟೂಲ್ ಹಾಕಿಸಿ, ದಿನಾ ಬಾ ಎಂದು ಹೇಳಿ, ತಾವು ಪತ್ರಿಕೆಯ ಪದಬಂಧಕ್ಕೆ ಇಳಿದರು. ಸೋಮವಾರದವಳು ಎಲ್ಲ ವಾರದವಳಾದಳು. ‘ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಕಣಮ್ಮ’ ಎಂಬುದೇ ಸಂಬಳ.

ಎರಡು ವರ್ಷದ ನಂತರ ಆ ಕಚೇರಿಯಲ್ಲೇ ಒಂದು ಕೆಲಸ ಖಾಲಿಯಾಯಿತು: ಅರ್ಜಿ ತುಂಬಿಕೊಡುವ ಸಹಾಯಕ, ಎರಡು ವರ್ಷದ ಅನುಭವ ಕಡ್ಡಾಯ. ‘ಆ ಕುರ್ಚಿ ನಿಂದೇ ಬಿಡು’ ಎಂದಳು ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಅಮ್ಮ. ಹುಡುಗಿಗೂ ಆ ಕುರ್ಚಿಯ ಮೇಲೆ ಜೀವವೇ ಇತ್ತು.

ಗುಮಾಸ್ತರು ಅಡ್ಡಡ್ಡ ತಲೆಯಾಡಿಸಿದರು. ‘ನೀನು ಮಾಡಿದ್ದು ಉಪಕಾರ ಕಣಮ್ಮ, ಅನುಭವ ಅಲ್ಲ.’

ಕೆಲಸ ಸಿಕ್ಕಿದ್ದು ಲಾರಿ ಕಚೇರಿಯಲ್ಲಿ ಎರಡು ವರ್ಷ ಆಕಳಿಸಿ ಬಂದ ಯುವಕನಿಗೆ. ಅವನ ಅರ್ಜಿ ತುಂಬಿಕೊಟ್ಟವಳೂ ಅವಳೇ. ಅವನು ಹುಟ್ಟಿದ ದಿನಾಂಕವನ್ನೇ ತಪ್ಪು ಹೇಳಿದ್ದ. ಅಭ್ಯಾಸಬಲ, ಪ್ರಮಾಣಪತ್ರ ನೋಡಿ ತಿದ್ದಿಬಿಟ್ಟಿದ್ದಳು.

ಮೊದಲ ದಿನ ಅವನು ಕುರ್ಚಿಯಲ್ಲಿ ಕುಳಿತು ಸ್ಟೂಲಿನ ಕಡೆ ತಿರುಗಿದ. ‘ಮೇಡಂ, ಇಲ್ಲಿ ಏನ್ ಬರೀಬೇಕು?’

ಅವಳಿಗೆ ಮೈಯೆಲ್ಲ ಉರಿಯಿತು. ಹೊಸ ಅರ್ಜಿ ತೆಗೆದು ಹನ್ನೊಂದನೇ ಕಾಲಂನಲ್ಲಿ ‘ಇದೇ ಕಚೇರಿ, ಅರ್ಜಿ ತುಂಬುವ ಕೆಲಸ, ಎರಡು ವರ್ಷ’ ಎಂದು ಬರೆದು, ಮೊಹರಿಗಾಗಿ ಗುಮಾಸ್ತರ ಮುಂದಿಟ್ಟಳು.

‘ಇದಕ್ಕೆ ದಾಖಲೆ ಬೇಕಲ್ಲಮ್ಮ.’

‘ಹಿಂದಿನ ಬೀರು ತೆಗೀರಿ ಸರ್. ಅಷ್ಟೂ ನನ್ನ ಅಕ್ಷರವೇ.’

ಅರ್ಜಿದಾರರು ಸ್ವಂತ ಕೈಯಲ್ಲೇ ತುಂಬತಕ್ಕದ್ದು, ತಪ್ಪಿದಲ್ಲಿ ಅರ್ಜಿ ರದ್ದು ಎಂದು ಪ್ರತಿ ಹಾಳೆಯ ಬುಡದಲ್ಲಿ ಅಚ್ಚಾಗಿತ್ತು. ಗುಮಾಸ್ತರು ಅದನ್ನು ಈಗ ಮೊದಲ ಸಲ ಓದಿದರು.

‘ಇವರ ಅರ್ಜಿನೂ ಅದರಲ್ಲೇ ಇದೆ ಸರ್’ ಎಂದು ಹೊಸಬನ ಕಡೆ ಕೈ ತೋರಿಸಿದಳು.

ಗುಮಾಸ್ತರು ಬೆವರೊರೆಸಿಕೊಂಡು ಮೊಹರು ಒತ್ತಿದರು. ಅವಳು ಶಾಯಿಯನ್ನು ಊದಿ ಆರಿಸಿಕೊಂಡು, ಔಷಧಿ ಅಂಗಡಿಗೆ ಹೋಗಲು ಬಾಗಿಲು ದಾಟಿದಳು.

‘ಮೇಡಂ, ಹನ್ನೊಂದನೇ ಕಾಲಂಗೆ?’ ಹೊಸಬ ಹಿಂದಿನಿಂದ ಕೂಗಿದ.

‘ನಿಮಗೆ ಅನುಭವ ಇದೆಯಲ್ಲ ಸರ್, ಬರೀರಿ’ ಎಂದು ಅವಳು ಮೆಟ್ಟಿಲಿಳಿದಳು.