ಜೋಳ ತುಂಬಿದೆ

ಹುಮನಾಬಾದಿಗೆ ಮರಳುವ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನನಗೆ ರಜೆ ಸಿಕ್ಕಿತು, ಬಸವಕಲ್ಯಾಣದ ಸಂಗಮೇಶನಿಗೆ ಸಿಗಲಿಲ್ಲ. ಯುದ್ಧ ನಿಂತ ಮೇಲೆ ದಕ್ಷಿಣ ಸುಡಾನಿನಲ್ಲಿ ಊರಿಗೆ ಮರಳುತ್ತಿರುವವರಿಗೆ ಕಾಳು ಸಾಗಿಸುವುದು ನಮ್ಮಿಬ್ಬರ ಕೆಲಸ. ಅವನು ಕೊಟ್ಟ ಚಾದರವನ್ನು ಅವನ ತಾಯಿಗೆ ತಲುಪಿಸಲು ಹೋಗಿದ್ದೆ.

ಆಕೆ ಒಲೆಯ ಮುಂದೆ ಅಗಲ ತಟ್ಟೆಯಂಥ ಪರಾತದಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. "ಕುಂದ್ರಪಾ, ಉಂಡೇ ಹೋಗಬೇಕ. ನಮ್ಮ ಸಂಗು ಹ್ಯಾಂಗ ಅದಾನ?"

"ಅರಾಮ ಅದಾನ್ರಿ ಅವ್ವಾ, ಅಲ್ಲಿ ಎಲ್ಲಾ ಛಲೋ ನಡದದ," ಎಂದೆ. ಬೇರೇನು ಹೇಳಲಿ?

ಅಷ್ಟರಲ್ಲಿ ಅವನದೇ ಫೋನ್ ಬಂತು. ತಾಯಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ನಾನು ಬಾಯಿ ತೆಗೆಯುವ ಮೊದಲೇ ಅವನು ಶುರು ಮಾಡಿದ: "ಅಣ್ಣಾ, ಗೋದಾಮಿನ್ಯಾಗ ಜ್ವಾಳ ತುಂಬ್ಯಾವ. ಲಾರಿ ಇನ್ನಾ ಹೊಳಿ ಆಚಿಗೇ ನಿಂತಾವ. ಮಂದಿ ಪಾಳಿ ಹಚ್ಚ್ಯಾರ."

ನಮ್ಮ ಕಡೆ ಕಾಳು ಖಾಲಿಯಾಯಿತೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತುಂಬಿತು ಎನ್ನುತ್ತೇವೆ. ಅಲ್ಲಿನ ಆಫೀಸಿನವರು ಈ ಮಾತು ಕೇಳಿದರೆ ಬರುವ ಲಾರಿಯನ್ನೂ ನಿಲ್ಲಿಸಿಯಾರು. ತಾಯಿಗೆ ಮಾತ್ರ ಎಲ್ಲವೂ ಅರ್ಥವಾಯಿತು. ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಕೈಗಂಟಿದ ಹಿಟ್ಟು ಒರೆಸಿಕೊಂಡರು.

ಆಮೇಲೆ ಸಂಗಮೇಶ ಮೆಲ್ಲಗೆ ಕೇಳಿದ: "ಅಣ್ಣಾ, ರೊಟ್ಟಿ ಬಡಿಯೋ ಸಪ್ಪಳ ಕೇಳಾಕತ್ತಿತ್ತಲ್ಲ, ಯಾಕ ನಿಂತದ?"

ಅದೇ ಕೊನೆಯ ರೊಟ್ಟಿ. ಹಿಟ್ಟೂ ತುಂಬಿತ್ತು. ತಾಯಿ ಪರಾತವನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡು, ಬರಿಗೈಯಲ್ಲೇ ಬಡಿಯತೊಡಗಿದರು.