ಬಾಗಿಲಿಗೆ ಅಡ್ಡ ಇಟ್ಟ ಕೋಲು

ಬೆಳಗಿನ ಐದೂವರೆ. ಪಾವಗಡದ ಕಡೆಯ ರಾಯಚರ್ಲಿನ ಬಯಲಲ್ಲಿ ಸೋಲಾರ್ ಪ್ಲೇಟುಗಳ ಸಾಲು ಇನ್ನೂ ಬೂದು ಬಣ್ಣದಲ್ಲೇ ಮಲಗಿದೆ. ವೇದಾವತಿ ಎಂಟಡಿ ಕೋಲಿನ ತುದಿಯ ಬ್ರಷ್ಷನ್ನು ಪ್ಲೇಟಿನ ಮೇಲಂಚಿಗೆ ಒತ್ತಿ ಕೆಳಕ್ಕೆ ಎಳೆಯುತ್ತಾರೆ. ನಿನ್ನೆಯ ಧೂಳು ಕೆಂಪು ನೀರಾಗಿ ಅವರ ಪಾದದ ಮೇಲೆ ಇಳಿಯುತ್ತದೆ. ತುಟಿ ಅಲುಗುತ್ತಲೇ ಇದೆ. ಹಾಡು ಗುನುಗುತ್ತಿದ್ದಾರೆ ಎಂದುಕೊಂಡರೆ ತಪ್ಪು. ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾರೆ:

“ಪ್ರಾರ್ಥನೆ ಕಣಮ್ಮ. ಪ್ರಾರ್ಥನೆ ಏನ್ ಬಂತು, ಬೈಗುಳನೇ ಅನ್ನಿ. ಏಳು ತಿಂಗ್ಳಿಂದ ಒಂದೇ ಮಾತು ಕೇಳ್ತಾ ಇವ್ನಿ. ಯೇಸಪ್ಪಾ, ನಿಂಗೇನು ಕಿವಿ ಮಂದವಾ ಅಂತ ದಿನಾ ಕೇಳ್ತೀನಿ. ಬೈಯೋಕೆ ಇನ್ಯಾರವ್ರೆ ನಂಗೆ?”

ಅವರು ಕೇಳುತ್ತಿರುವ ಒಂದೇ ಮಾತು ಮಗಳು ಸಹನಾಳದು. ಎಂಟೂವರೆ ತಿಂಗಳ ಕೂಸು. ಎದೆಯೊಳಗೆ ತೂತಿದೆ, ಶ್ವಾಸಕೋಶಕ್ಕೆ ಹೋಗುವ ರಕ್ತದ ದಾರಿಯೂ ಇಕ್ಕಟ್ಟು. ಜೋರಾಗಿ ಅತ್ತರೆ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆಗ ತಡಮಾಡದೆ ಮಗುವಿನ ಎರಡೂ ಮೊಣಕಾಲು ಮಡಚಿ ಅದರ ಎದೆಗೇ ಒತ್ತಿ ಹಿಡಿಯಬೇಕು. ಬೆಂಗಳೂರಿನ ಆಸ್ಪತ್ರೆಯ ನರ್ಸ್ ಹೇಳಿಕೊಟ್ಟ ಈ ವಿದ್ಯೆಯನ್ನು ವೇದಾವತಿ ಮನೆಗೆ ಬಂದು ಗಂಡ ಭೀಮರಾಜು ಅವರಿಗೂ ಅತ್ತೆ ಚಿಕ್ಕಹನುಮಕ್ಕನಿಗೂ ದಿಂಬನ್ನೇ ಮಗು ಎಂದು ಕೊಟ್ಟು ಕಲಿಸಿದ್ದಾರೆ. ಅತ್ತೆ ಮೊದಲನೇ ಸಲಕ್ಕೇ ಪಾಸು. ಗಂಡ ಎರಡು ಸಲ ಫೇಲು.

ಬಿಸಿಲೇರಿದರೆ ಗಾಜು ಕಾಯುತ್ತದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು. ಹಾಗಾಗಿ ಕೆಲಸವೆಲ್ಲ ಒಂಬತ್ತರೊಳಗೆ. ಅಷ್ಟರಲ್ಲಿ ಒಬ್ಬೊಬ್ಬರಿಗೆ ಇನ್ನೂರೆಂಬತ್ತು ಪ್ಲೇಟು, ಪ್ಲೇಟಿಗೆ ಮೂರು ಎಳೆತ. ನೀರಿನ ಟ್ಯಾಂಕರ್ ಓಡಿಸುವುದು ಭೀಮರಾಜು. ಅದು ತಡವಾದ ದಿನ ಗಂಡನಿಗೂ ಬೈಗುಳದ ಪಾಲು ಸಿಗುತ್ತದೆ.

“ಈ ಪ್ಲೇಟೇ ವಾಸಿ. ಒರೆಸಿದ್ರೆ ಫಳಫಳ ಅಂತೈತೆ,” ಎನ್ನುತ್ತಾರೆ ವೇದಾವತಿ, ಮುಂದಿನ ಸಾಲಿಗೆ ಪೈಪು ಎಳೆಯುತ್ತ. “ಆ ಮಗೀಗೆ ಇಷ್ಟು ಮಾಡ್ತೀನಿ, ಒಂದು ಕೇಜಿ ಏರಾಕೆ ಮೂರು ತಿಂಗ್ಳು!”

ವೇದಾವತಿಯ ತವರು ಸಿರಾ ತಾಲ್ಲೂಕಿನ ಗೌಡಗೆರೆ. ತಾಯಿ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದರು, ಮಗಳು ಅವರ ಸೆರಗು ಹಿಡಿದು ಹೋದವರು. ಮದುವೆಯಾಗಿ ಬಂದ ಮನೆಯಲ್ಲಿ ಒಂದೇ ಗೋಡೆಗೆ ಮೂರು ಮೊಳೆ: ಸೊಸೆಯ ಶಿಲುಬೆ, ಗಂಡನ ಬುದ್ಧನ ಪಟ, ಅತ್ತೆಯ ಮಾರಮ್ಮ. ಅದಕ್ಕೆಂದು ಮನೆಯಲ್ಲಿ ಜಗಳವಾಗಿಲ್ಲ. ಮಗು ನಲವತ್ತು ದಿನದವಳಿದ್ದಾಗ ಆಶಾ ಕಾರ್ಯಕರ್ತೆ ಬಂದು ಅವಳ ಉಗುರು ನೋಡಿ, “ಇದೇನಕ್ಕ ಇಂಗೆ ನೀಲಿ?” ಎಂದು ಕೇಳಿದ ದಿನ ಮೂರೂ ದೇವರ ಮುಂದೆ ದೀಪ ಹಚ್ಚಿಟ್ಟು ಬೆಂಗಳೂರಿನ ಬಸ್ಸು ಹತ್ತಿದರು.

ಕಷ್ಟ ಶುರುವಾದದ್ದು ಒಳ್ಳೆಯವರಿಂದ.

ಮೊದಲ ಆಪರೇಷನ್ನಿಗೆ ದಿನ ಗೊತ್ತಾದಾಗ ವೇದಾವತಿ ಪ್ರಾರ್ಥನೆಗೆ ಹೋಗುವ ಪಾವಗಡದ ಸಭೆಯವರು ಟೆಂಪೋ ಮಾಡಿಕೊಂಡು ಬಂದರು. ಇಪ್ಪತ್ಮೂರು ಜನ. ಸಭೆಯ ಪಾಸ್ಟರ್ ಯುವರಾಜ್ ಮಗುವಿನ ಹಣೆಗೆ ಎಣ್ಣೆ ಹಚ್ಚಿದರು. ಆಮೇಲೆ ಪದ್ಧತಿಯಂತೆ ಒಬ್ಬೊಬ್ಬರಾಗಿ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಕಣ್ಣೀರು ಹಾಕದವರಿಲ್ಲ. ಅವರಲ್ಲಿ ಕೆಮ್ಮುತ್ತಿದ್ದವರು ಐದು ಜನ ಎಂದು ವೇದಾವತಿ ಈಗಲೂ ಬೆರಳು ಮಡಚಿ ಲೆಕ್ಕ ಕೊಡುತ್ತಾರೆ. ಮೂರನೇ ದಿನ ಮಗುವಿನ ಮೂಗು ಸುರಿಯಿತು. ನೆಗಡಿಯಿದ್ದರೆ ಮತ್ತು ಬರುವ ಮದ್ದು ಕೊಡುವಂತಿಲ್ಲ, ಆರು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ವಾಪಸು ಕಳಿಸಿದರು.

ಎರಡನೇ ಸಲ ಹನ್ನೊಂದೇ ಜನ ಬಂದರು. “ಈ ಸಲ ಕಮ್ಮಿ ಜನನ್ನ ಕರ್ಕಂಬಂದಿದೀನಮ್ಮ” ಎಂದು ಪಾಸ್ಟರ್ ಹೆಮ್ಮೆಯಿಂದಲೇ ಹೇಳಿದರಂತೆ. ಮತ್ತೆ ಎಣ್ಣೆ, ಮತ್ತೆ ಕೈ, ಮತ್ತೆ ನೆಗಡಿ. ಹೆಚ್ಚಿದ್ದ ತೂಕದಲ್ಲಿ ಇನ್ನೂರು ಗ್ರಾಂ ಇಳಿದೇ ಹೋಯಿತು.

“ಬೈಯೋಕೂ ಆಗಲ್ಲ ಕಣಮ್ಮ,” ಹಲ್ಲು ಕಚ್ಚಿ ಹೇಳುತ್ತಾರೆ. “ಪ್ರೀತಿಗೆ ಬರ್ತಾರೆ. ಕೂಲಿ ಬುಟ್ಟು ಬರ್ತಾರೆ. ಬಂದು ನನ್ ಮಗೀಗೆ ಕಾಯಿಲೆ ಕೊಟ್ಟು, ದೇವ್ರ ಚಿತ್ತ ಅಂತ ಹೇಳಿ ಹೋಯ್ತಾರೆ. ದೇವ್ರ ಚಿತ್ತ ಅಲ್ಲ ಅದು, ಕೆಮ್ಮು!”

ಮೂರನೇ ದಿನಾಂಕ ಬರುವ ಬುಧವಾರ. ತೂಕ ಆರು ಕೇಜಿ ದಾಟಿರಬೇಕು, ನೆಗಡಿ ಸುಳಿಯಬಾರದು. ಇನ್ನೂ ಮುಂದೆ ಹೋದರೆ ಮಗುವಿನ ಗುಂಡಿಗೆ ತಾಳುವುದಿಲ್ಲ ಎಂದು ಡಾಕ್ಟರು ಮುಖ ನೋಡಿ ಹೇಳಿದ್ದಾರೆ. ಆ ಮಾತು ಕೇಳಿ ಬಂದ ದಿನ ವೇದಾವತಿ ಕೆಲಸದ ಜಾಗದಲ್ಲಿ ಬ್ರಷ್ಷು ಸವೆದು ಬಿಸಾಕಿದ್ದ ಕೋಲೊಂದನ್ನು ಕೇಳಿ ತಂದು, ಮನೆ ಬಾಗಿಲಿಗೆ ಅಡ್ಡ ಇಟ್ಟರು. ಪಕ್ಕದಲ್ಲಿ ಬಕೆಟ್ಟು ನೀರು, ಸೋಪು. ಕಾವಲಿಗೆ ಅತ್ತೆ.

ಕಳೆದ ಭಾನುವಾರ ಸಭೆಯವರು ಬಂದೇ ಬಂದರು. ಕೋಲಿನಾಚೆ ಚಿಕ್ಕಹನುಮಕ್ಕ ಕಾಲು ಚಾಚಿ ಕೂತಿದ್ದರು.

“ಏಮಪ್ಪಾ ಪಾಸ್ಟ್ರು, ಆಡ್ನೇ ನಿಲ್ಲು,” ಎಂದರು ತೆಲುಗು ಬೆರೆಸಿ, ಅಲ್ಲೇ ನಿಲ್ಲು ಎಂಬಂತೆ ಕೈ ತೋರಿಸಿ. “ನಮ್ ಮಾರಮ್ಮನ ಪೂಜಾರಿನೇ ಒಳಕ್ಕೆ ಬುಟ್ಟಿಲ್ಲ, ನೀನ್ಯಾವ ಲೆಕ್ಕ?”

ಪಾಸ್ಟರ್ ಅತ್ತೆಯ ಹಿಂದೆ ನಿಂತಿದ್ದ ಸೊಸೆಯ ಕಡೆ ನೋಡಿದರು. “ವಿಶ್ವಾಸ ಕಮ್ಮಿ ಆಯ್ತೇನಮ್ಮ ವೇದಾವತಿ?”

“ವಿಶ್ವಾಸ ಕಮ್ಮಿ ಆಗಿಲ್ಲ ಅಯ್ಯ, ಮಗೀನ ತೂಕ ಕಮ್ಮಿ ಆಗೈತೆ. ನೀವು ಕೇಳೋ ದೇವ್ರು ಬಾಗ್ಲಾಚೆಯಿಂದ ಕೇಳುದ್ರೆ ಕೊಡಲ್ವಾ? ನಿಮ್ ಕೈ ನನ್ ಮಗೀನ ತಲೆ ಮೇಲೇ ಇರ್ಬೇಕಾ?”

ಹಿಂದೆ ನಿಂತಿದ್ದ ಒಬ್ಬರಿಗೆ ಅದೇ ಹೊತ್ತಿಗೆ ಸೀನು ಬಂತು. ಚಿಕ್ಕಹನುಮಕ್ಕ “ನೋಡ್ದಾ!” ಎಂದರು. ಪಾಸ್ಟರ್ ಬಕೆಟ್ಟಿನಲ್ಲಿ ಕೈ ತೊಳೆದರು. ಎಣ್ಣೆ ಬಾಟಲಿ ಜೇಬಿಗಿಟ್ಟು, ಬಗ್ಗಿ ಆ ಕೋಲಿನ ಮೇಲೆ ಕೈಯಿಟ್ಟರು. ಉಳಿದವರೂ ಒಬ್ಬರ ಪಕ್ಕ ಒಬ್ಬರು ಬಂದು ಕೋಲು ಹಿಡಿದರು. ಹಾಡಿಲ್ಲ, ಡೋಲಕ್ಕಿಲ್ಲ, ಮಗು ಬೆಚ್ಚಿ ಅಳಬಾರದೆಂದು ಪಿಸುಮಾತಿನಲ್ಲೇ ಪ್ರಾರ್ಥನೆ. ಇನ್ನೊಂದು ತುದಿ ಜಾರದಂತೆ ಅತ್ತೆ ಹಿಡಿದುಕೊಂಡಿದ್ದರು. ಒಳಗೆ ಸಹನಾ ನಿದ್ದೆಯಲ್ಲಿದ್ದಳು.

ಇವತ್ತಿನ ಕೆಲಸ ಮುಗಿಯುವಾಗ ಒಂಬತ್ತಾಯಿತು. ಬಯಲೆಲ್ಲ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದೆ. ಪೈಪು ಸುತ್ತಿಟ್ಟ ವೇದಾವತಿ ಮನೆಗೆ ಬಂದು ಮೊದಲು ಕೈ ತೊಳೆಯುತ್ತಾರೆ, ಆಮೇಲೆ ಕೋಲು ದಾಟುತ್ತಾರೆ. ನಿನ್ನೆ ಅಂಗನವಾಡಿಯ ತಕ್ಕಡಿ ಆರು ಕೇಜಿ ನೂರು ಗ್ರಾಂ ತೋರಿಸಿದೆ. ಮೂಗು ಒಣಗಿದೆ. ಮಗುವಿನ ಉಸಿರಿಗೆ ಕಿವಿಗೊಟ್ಟು ಒಂದು ಗಳಿಗೆ ನಿಲ್ಲುತ್ತಾರೆ.

ಆಪರೇಷನ್ ಆದ ಮೇಲೆ ಏನಾಸೆ ಎಂದು, ಹೊಸ್ತಿಲ ಬಳಿ ಬಂದು ಕೂತ ಅವರನ್ನು ಕೇಳಿದರೆ ಉತ್ತರಕ್ಕೆ ತಡವಾಗುವುದಿಲ್ಲ.

“ಅವ್ಳು ಅಳ್ಬೇಕು ಕಣಮ್ಮ. ಹುಟ್ದಾಗಿಂದ ಬಾಯ್ತುಂಬ ಅಳೋಕೆ ಬುಟ್ಟಿಲ್ಲ ನಾನು. ಕಿರುಚಾಡಿ ಅಳ್ಲಿ, ತುಟಿ ಮಾತ್ರ ಕೆಂಪಗೇ ಇರ್ಲಿ. ಬೀದಿಯೋರೆಲ್ಲ ಬಂದು ಏನಮ್ಮ ಇದು ಗಲಾಟೆ ಅಂತ ನನ್ನ ಬೈಲಿ. ಎತ್ಕಳಲ್ಲ. ಸುಮ್ನೆ ಕೂತು ಕೇಳ್ತೀನಿ.”

ಒಳಗೆ ಮಗು ಮುಲುಗುತ್ತದೆ. ಮಾತು ಮುಗಿಯುವ ಮೊದಲೇ ಅವರು ಎದ್ದಿದ್ದಾರೆ.