ಕುಂಕುಮದ ಭರಣಿ ಮಾಡಿದ ಫೋನು

ಅಮ್ಮನಿಗೆ ಮೊಬೈಲ್ ಕೊಡಿಸಿದವಳು ನಾನು. ಅದರೊಳಗೆ ಹೆಸರುಗಳನ್ನು ತುಂಬಿಸಿದವಳೂ ನಾನೇ. ಹಾಗಾಗಿ ಆಮೇಲೆ ನಡೆದದ್ದಕ್ಕೆ ಅರ್ಧ ಜವಾಬ್ದಾರಿ ನನ್ನದು, ಇನ್ನರ್ಧ ಇಂಗ್ಲಿಷ್ ವರ್ಣಮಾಲೆಯದು. ಅಮ್ಮನ ಆ ಫೋನಿನಲ್ಲಿ ಕನ್ನಡ ಬರೆಯುವ ಸೌಕರ್ಯವಿರಲಿಲ್ಲ. ಒಂದೊಂದು ಗುಂಡಿಯನ್ನೂ ಎರಡೆರಡು ಸಲ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲೇ ಹೆಸರು ಕೂರಿಸಬೇಕಿತ್ತು. ಅಮ್ಮ ಯಾರನ್ನು ಹೇಗೆ ಕರೆಯುತ್ತಾಳೋ ಹಾಗೇ ಹಾಕಿದೆ. ಅಕ್ಕ, ಅಂಗಡಿ, ಅತ್ತಿಗೆ. ನಮಗೆ ಹತ್ತಿರದವರೆಲ್ಲ ಹೇಗೆ ಒಂದೇ ಅಕ್ಷರದಲ್ಲಿ ಗುಂಪುಗೂಡಿಕೊಂಡಿದ್ದಾರೆ ಎಂಬುದು ಹೊಳೆದದ್ದು ಆವತ್ತೇ. ಎಲ್ಲರಿಗಿಂತ ಮುಂದೆ ನಿಂತವಳು ಅಕ್ಕ, ಅಂದರೆ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ.

ತೊಂಬತ್ತರ ದಶಕದಲ್ಲಿ ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಬಂದಿದ್ದ ಫೋನು ಇಂಥದ್ದಲ್ಲ. ಅದಕ್ಕೊಂದು ಕಸೂತಿ ಹಾಕಿದ ಹೊದಿಕೆ, ಕೂರಲು ಒಂದು ಮೂಲೆಯ ಸ್ಟೂಲು, ಹಬ್ಬದ ದಿನ ಒಂದು ಹೂವು. ಮಹಾ ಮರ್ಯಾದಸ್ಥ ಫೋನು. ಯಾರಿಗೂ ತಾನಾಗಿ ಫೋನ್ ಮಾಡಿದ್ದೇ ಇಲ್ಲ.

ಮೊಬೈಲು ಹಾಗಲ್ಲ. ನನ್ನ ತಮ್ಮನ ಮದುವೆಯ ಓಡಾಟಕ್ಕೆ ಇರಲಿ ಎಂದು ಕೊಡಿಸಿದ್ದು, ಅಮ್ಮನ ಬಟ್ಟೆಯ ಚೀಲ ಸೇರಿತು. ಆ ಚೀಲದಲ್ಲಿ ಬೀಗದ ಕೈಗಳ ಗೊಂಚಲು, ಕನ್ನಡಕದ ಡಬ್ಬಿ, ಯಾವುದೋ ದೇವಸ್ಥಾನದ ತೆಂಗಿನಕಾಯಿ ಹೋಳು, ಎಲ್ಲ ಇರುತ್ತಿದ್ದವು. ಹೆಸರುಗಳ ಗುಂಡಿಗೆ ಏನಾದರೂ ಒತ್ತಿದರೆ ಪರದೆಯ ಮೇಲೆ ಮೊದಲ ಹೆಸರು ಬಂದು ನಿಲ್ಲುತ್ತಿತ್ತು. ಆಮೇಲೆ ಹಸಿರು ಗುಂಡಿಗೆ ಏನಾದರೂ ತಗುಲಿದರೆ ಮುಗಿಯಿತು, ಕುಂಬಾರಕೊಪ್ಪಲಿನಲ್ಲಿ ದೊಡ್ಡಮ್ಮನ ಫೋನು ಹೊಡೆದುಕೊಳ್ಳುತ್ತಿತ್ತು. ಗುಂಡಿಗಳಿಗೆ ಲಾಕ್ ಹಾಕುವುದನ್ನು ಕಲಿಸಲು ಹೋದರೆ ಅಮ್ಮ ನನ್ನನ್ನೇ ಗದರಿದಳು.

“ಮಾತಾಡೋ ಸಾಮಾನಿಗೂ ಬೀಗ ಹಾಕ್ತಾರೇನೇ? ಸುಮ್ನಿರು ಅತ್ಲಾಗೆ.”

ಆಗ ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನೀನೂ ಬೇಡ, ನಿನ್ನ ಫೋನೂ ಬೇಡ ಎಂದು ಎದ್ದು ಬಂದೆ. ಅಮ್ಮನ ಕಿವಿ ಸ್ವಲ್ಪ ಮಂದವೆಂದು ಸದ್ದನ್ನು ಮಾತ್ರ ಪೂರ್ತಿ ಏರಿಸಿಟ್ಟಿದ್ದೆ.

ಇನ್ನು ಜಗಳದ ವಿಷಯ. ನಮ್ಮಲ್ಲಿ ಫೋನ್ ಮಾಡುವುದು ಬೇರೆ, ಕರೆಯುವುದು ಬೇರೆ. ಮದುವೆಗೆ ಕರೆಯಬೇಕೆಂದರೆ ಮನೆಗೆ ಹೋಗಬೇಕು, ಮನೆಯಾಕೆಯ ಹಣೆಗೆ ಕುಂಕುಮ ಇಡಬೇಕು, ಹಿಂದಿನ ದಿನವೇ ಬಂದುಬಿಡಬೇಕು ಎಂದು ಬಾಯಿ ತುಂಬ ಹೇಳಬೇಕು, ಕೊಟ್ಟ ಕಾಫಿ ಕುಡಿದೇ ಏಳಬೇಕು. ನಮ್ಮ ಮನೆಯಲ್ಲಿ ಏನೇ ನಡೆದರೂ ಅಮ್ಮ ಬೆಳ್ಳಿಯ ಕುಂಕುಮದ ಭರಣಿ ಹಿಡಿದು ಮೊದಲು ಹೋಗುತ್ತಿದ್ದುದು ಕುಂಬಾರಕೊಪ್ಪಲಿಗೆ. ಮೊದಲ ಕುಂಕುಮ ಅಕ್ಕನಿಗೆ. ತಾಯಿಯಿಲ್ಲದ ಮನೆಯಲ್ಲಿ ತನಗೆ ನೀರು ಹಾಕಿ, ಜಡೆ ಹೆಣೆದು, ಮಗ್ಗಿ ಹೇಳಿಕೊಟ್ಟು ಬೆಳೆಸಿದವಳಿಗೆ ಅದು ಸಲ್ಲಬೇಕಾದದ್ದೇ ಎಂದು ಅಮ್ಮನ ಲೆಕ್ಕ. ತಮ್ಮನ ಮದುವೆಗೆ ಮಾತ್ರ ಅಮ್ಮ ಹೋಗಲಿಲ್ಲ. ಹೊಸ ಮೊಬೈಲಿನಲ್ಲಿ ಫೋನ್ ಮಾಡಿ, “ಅಕ್ಕಾ, ಮದ್ವೆ ಇಟ್ಕೊಂಡಿದೀವಿ, ಬಂದ್ಬುಡು” ಎಂದು ಹೇಳಿ ಮುಗಿಸಿದಳು. ದೊಡ್ಡಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿತ್ತಷ್ಟೆ.

ದೊಡ್ಡಮ್ಮ ಮದುವೆಗೆ ಬಂದಳು. ಧಾರೆಯ ಹೊತ್ತಿಗೆ ಛತ್ರದ ಹಿಂದಿನ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿದಳು. ಎಲೆ ಹಾಕುವ ಮೊದಲೇ ಹೊರಟುಹೋದಳು. ಮಂಟಪದ ಮೇಲಿಂದ ಅಮ್ಮ ಅದನ್ನು ನೋಡಿದಳು, ಅಮ್ಮ ನೋಡಿದ್ದನ್ನು ನಾನು ನೋಡಿದೆ. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ಎರಡು ಮನೆಗಳ ನಡುವೆ ನಡೆದೇ ಹೋಗಿಬರುವಷ್ಟು ದೂರ. ಆದರೂ ಇಬ್ಬರಲ್ಲಿ ಒಬ್ಬರೂ ಹೊಸಿಲು ದಾಟಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಅಪ್ಪನನ್ನು ಏನಾದರೂ ಮಾಡಿ ಎಂದು ಕೇಳಿದರೆ, “ಅವರಿಬ್ರ ಮಧ್ಯೆ ನಾನು ಬಾಯಿ ಹಾಕಲ್ಲಪ್ಪ” ಎಂದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಡುತ್ತಿದ್ದ.

ನನಗೇನೂ ಜಗಳವಿರಲಿಲ್ಲವಲ್ಲ, ನಾನು ಹೋಗಿಬರುತ್ತಿದ್ದೆ. ಅವರೆಕಾಯಿಯ ಕಾಲದಲ್ಲಿ ಒಂದು ಬೆಳಿಗ್ಗೆ ಹೋದಾಗ ದೊಡ್ಡಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕಿಟಕಿಯ ಮೇಲಿದ್ದ ಫೋನು ಹೊಡೆದುಕೊಂಡಿತು. ಸೆರಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿದವಳು ಹಲೋ ಎನ್ನಲೇ ಇಲ್ಲ. ತುಟಿಯ ಮೇಲೆ ಬೆರಳಿಟ್ಟು ನನ್ನನ್ನೂ ಸುಮ್ಮನಿರಿಸಿ, ಮೆಟ್ಟಿಲ ಮೇಲೆ ಕೂತು ಕೇಳತೊಡಗಿದಳು. ನಾನೂ ಕಿವಿ ಹತ್ತಿರ ತಂದೆ. ಒಳಗಿನಿಂದ ಚೀಲದ ಸರಭರ, ಗೊಂಚಲಿನ ಝಣಝಣ, ಅದರ ನಡುವೆ ನಮ್ಮಮ್ಮನ ದನಿ.

“ಇದು ಅವರೆಕಾಯೇನಯ್ಯಾ? ಮೂಸಿದ್ರೆ ಏನೂ ಇಲ್ಲ. ಸರಿಯಾಗ್ ಹಾಕು, ಮೇಲೆ ಒಂದಿಡಿ ಹಾಕು.”

ದೊಡ್ಡಮ್ಮ ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದಳು.

“ಏನೂ ಇಲ್ಲ ಅಂತಾನೂ ಅಂತಾಳೆ, ತಗೊತಾನೂ ಇದಾಳೆ. ಸೊಗಡಿಲ್ದಿರೋ ಕಾಯಿ ಯಾತಕ್ಕೆ? ಚಿಕ್ಕೋಳಿದ್ದಾಗಿಂದ್ಲೂ ಇಂಗೇ, ಮೂಸಕ್ಕೇ ಬರಲ್ಲ ಅವಳಿಗೆ.”

“ದೊಡ್ಡಮ್ಮಾ, ಇದು ದಿನಾ ಬರುತ್ತಾ?”

“ದಿನಾ ಅಂದ್ರೆ ದಿನಾ ಏನಲ್ಲ. ಅವಳು ಚೀಲ ತಗೊಂಡು ಆಚೆ ಹೊರಟ್ರೆ ಬರುತ್ತೆ.” ಸ್ವಲ್ಪ ಹೊತ್ತು ಕೇಳಿದಳು. “ಕೆಮ್ಮು ಇನ್ನೂ ಹೋಗಿಲ್ಲ ನೋಡು. ಮೆಣಸಿನ ಕಷಾಯ ಮಾಡ್ಕೊಡು. ನಾನ್ ಹೇಳ್ದೆ ಅನ್ಬೇಡ.”

ಅಮ್ಮನಿಗೆ ಹೇಳಿಬಿಡುತ್ತೇನೆ ಎಂದೆ. ದೊಡ್ಡಮ್ಮ ನನ್ನ ಮುಂಗೈ ಹಿಡಿದುಕೊಂಡಳು. ಬಟ್ಟೆ ಹಿಂಡಿದ ತಣ್ಣನೆಯ ಕೈ.

“ಹೇಳ್ಬೇಡ ಕಣೇ. ಹೇಳಿದ್ರೆ ಬೀಗ ಹಾಕ್ಬುಡ್ತಾಳೆ.”

ಆ ಮಾತಿಗೆ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹಾಗಾದರೆ ನೀನೇ ಒಂದು ಮಾತಾಡಬಾರದಾ ಎಂದು ಕೇಳಿದೆ. ಅವಳ ಹಣೆಯಲ್ಲಿ ಆಗ ವಿಭೂತಿ ಮಾತ್ರ ಇರುತ್ತಿತ್ತು. ಅದನ್ನು ಒಮ್ಮೆ ಮುಟ್ಟಿಕೊಂಡು ಹೇಳಿದಳು.

“ಅವರು ಇದ್ದಾಗ ಮೊದಲ್ನೇ ಕುಂಕುಮ ನಂಗೆ. ಅವರು ಹೋದ್ಮೇಲೆ ನಂಗೆ ಫೋನು. ಕುಂಕುಮ ಇಲ್ದಿದ್ರೆ ಬುಡ್ಲಿ. ಮನೆಗೆ ಬಂದು ಬಾರಕ್ಕ ಅನ್ನಕ್ಕೂ ಆಗ್ಲಿಲ್ವಾ? ನಾನಾಗೇ ಮಾತಾಡಲ್ಲ. ಕೇಳ್ತೀನಿ, ಅಷ್ಟೆ.”

ಅವತ್ತಿನಿಂದ ಲಾಕ್ ಹಾಕುವುದನ್ನು ಕಲಿಸುವ ಮಾತನ್ನು ನಾನು ಎತ್ತಲಿಲ್ಲ. ಈ ಫೋನು ಸುಮ್ಮನೆ ಕರೆನ್ಸಿ ತಿನ್ನುತ್ತದೆ ಎಂದು ಅಮ್ಮ ಗೊಣಗಿದಾಗಲೆಲ್ಲ, ಹೌದು, ಈ ಕಂಪನಿಯವರೇ ಹೀಗೆ ಎಂದು ಕಂಪನಿಯನ್ನು ಬೈದು, ನಾನೇ ಹೋಗಿ ರೀಚಾರ್ಜ್ ಮಾಡಿಸುತ್ತಿದ್ದೆ. ಪಾಪದ ಕಂಪನಿ.

ಆಮೇಲೆ ತಮ್ಮನ ಹೆಂಡತಿಯ ಸೀಮಂತ ಬಂತು. ಮತ್ತೆ ಎಲ್ಲರನ್ನೂ ಕರೆಯಬೇಕು. ಈ ಸಲವೂ ದೊಡ್ಡಮ್ಮನಿಗೆ ಫೋನಿನಲ್ಲೇ ಹೇಳಿದರೆ ಆ ಬಾಗಿಲು ಮುಚ್ಚಿದ ಹಾಗೇ. ಹೇಳದೇ ಇದ್ದರೆ ಕೇಳುವುದೇ ಬೇಡ. ಅಮ್ಮ ಭರಣಿಗೆ ಹೊಸ ಕುಂಕುಮ ತುಂಬಿಸಿ ಚೀಲದಲ್ಲಿಟ್ಟುಕೊಂಡಳು. ಜೊತೆಗೆ ನನ್ನನ್ನೂ ಕರೆದುಕೊಂಡು ಆಟೋ ಹತ್ತಿದಳು. ಮೊದಲು ಮಂಡಿ ಮೊಹಲ್ಲಾದಲ್ಲಿ ಅಪ್ಪನ ಅಂಗಡಿಯ ಅಕ್ಕಪಕ್ಕದವರ ಮನೆಗಳು, ಆಮೇಲೆ ಒಂಟಿಕೊಪ್ಪಲಿನ ನೆಂಟರು. ಎಲ್ಲ ಕಡೆಯೂ ಕುಂಕುಮ, ಕಾಫಿ, ಬಾಯಿ ತುಂಬ ಮಾತು. ಒಂಟಿಕೊಪ್ಪಲಿನ ಕೊನೆಯ ಮನೆಯಿಂದ ಹೊರಟಾಗ ಆಟೋದವನು ಇನ್ನೆಲ್ಲಿಗೆ ಎಂದು ಕೇಳಿದ.

“ಮನೆಗೆ ನಡೀರಿ” ಎಂದಳು ಅಮ್ಮ. ಕುಂಬಾರಕೊಪ್ಪಲಿನ ಹೆಸರೇ ಎತ್ತಲಿಲ್ಲ.

ದಾರಿಯಲ್ಲಿ ಆಟೋದವನು ಪೆಟ್ರೋಲ್ ಬಂಕಿಗೆ ತಿರುಗಿಸಿ ಎಂಜಿನ್ ಆರಿಸಿದ. ಮುಂದೆ ಆಟೋಗಳ ಸಾಲಿತ್ತು, ಅವನು ಇಳಿದು ತಳ್ಳಿಕೊಂಡು ನಿಂತ. ಸದ್ದೆಲ್ಲ ನಿಂತಿತು. ಅಮ್ಮನ ತೊಡೆಯ ಮೇಲಿದ್ದ ಚೀಲದೊಳಗೆ ಏನೋ ಬೆಳಕು ಕಂಡಿತು. ಬಗ್ಗಿ ನೋಡಿದೆ. ಭರಣಿಯ ಮುಚ್ಚಳದ ಹಿಡಿ ಫೋನಿನ ಎದೆಗೆ ಒತ್ತಿಕೊಂಡಿತ್ತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಕ್ಕ’ ಎಂದಿತ್ತು, ಅದರ ಕೆಳಗೆ ಸೆಕೆಂಡುಗಳು ಓಡುತ್ತಿದ್ದವು. ಅಂದರೆ ಕುಂಬಾರಕೊಪ್ಪಲಿನಲ್ಲಿ ಒಬ್ಬಳು ಸೆರಗಿಗೆ ಕೈ ಒರೆಸಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದಾಳೆ.

ಅಮ್ಮನಿಗೆ ಹೇಳಿ ಅದನ್ನು ನಿಲ್ಲಿಸುವುದು ಒಳ್ಳೆಯ ಮಗಳ ಲಕ್ಷಣ. ನಾನು ಚೀಲದ ಬಾಯನ್ನು ಇನ್ನಷ್ಟು ಅಗಲ ಮಾಡಿದೆ.

“ಅಮ್ಮಾ, ದೊಡ್ಡಮ್ಮನ್ನ ಕರೆಯಲ್ವಾ?”

“ಎಷ್ಟೊಂದು ಸಾಲು ನೋಡು ಬಂಕಲ್ಲಿ” ಎಂದಳು ಅಮ್ಮ.

“ಅವತ್ತು ಮದ್ವೆಗೆ ಕರೆಯೋಕೂ ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ ಹೇಳು. ಅವರ ಮನೆ ಏನು ದೂರಾನಾ?”

“ಹೋಗಿದ್ದೆ” ಎಂದಳು ಅಮ್ಮ.

ನನಗೆ ಅರ್ಥವಾಗಲಿಲ್ಲ.

“ಹೋಗಿದ್ದೆ ಕಣೇ. ಅವಳ ಬೀದಿ ತುದಿವರ್ಗೂ ಹೋಗಿದ್ದೆ. ಕೈಯಲ್ಲಿ ಭರಣಿ ಇತ್ತು. ಎಲ್ರಿಗಿಂತ ಮುಂಚೆ ಅವಳಿಗೇ ಅಂತ ಅಭ್ಯಾಸ, ಕಾಲು ಅಲ್ಲಿಗೇ ಹೋಗ್ಬುಡ್ತು. ಆಮೇಲೆ ಗ್ಯಾನ ಬಂತು. ಅವಳ ಮುಂದೆ ನಿಂತ್ಕೊಂಡು ಈ ಭರಣಿ ತೆಗೀಲಾ, ಬ್ಯಾಡ್ವಾ? ತೆಗುದ್ರೆ ಅವಳಿಗೆ ನೋವು. ಇಡಂಗಿಲ್ವಲ್ಲ. ತೆಗೀದೆ ಸೆರಗಲ್ಲಿ ಬಚ್ಚಿಟ್ಕೊಂಡು ಬಾರಕ್ಕಾ ಅಂದ್ರೆ ನಂಗೆ ನೋವು. ನಮ್ಮಕ್ಕನ ಮುಂದೆ ನಾನು ಕುಂಕುಮ ಬಚ್ಚಿಡಲಾ? ಎಂಗೆ ನಿಂತ್ಕೊಳ್ಲಿ? ವಾಪಸ್ ಬಂದ್ಬುಟ್ಟೆ. ಬಂದು ಫೋನ್ ಮಾಡ್ದೆ. ಫೋನಲ್ಲಾದ್ರೆ ಹಣೆ ಕಾಣಲ್ವಲ್ಲ.”

ಅಮ್ಮ ಮುಖಕ್ಕೆ ಸೆರಗು ಒತ್ತಿಕೊಂಡಳು. ಮೂಗು ಒರೆಸಿಕೊಂಡು, ಚೀಲವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ದಿನ ಅದನ್ನು ಬಾಯಿಬಿಟ್ಟು ಹೇಳದ ಅಮ್ಮನ ಮೇಲೆ ನನಗೆ ಸಿಟ್ಟೂ ಬಂತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು.

ಆಗ ಚೀಲ ಮಾತಾಡಿತು.

ದೊಡ್ಡಮ್ಮನಿಗೆ ಫೋನಿನ ಮೇಲೆ ಯಾವತ್ತೂ ನಂಬಿಕೆಯಿಲ್ಲ. ಎಷ್ಟು ದೂರವೋ ಅಷ್ಟು ಜೋರಾಗಿ ಕೂಗಿದರೇ ಕೇಳುವುದು ಎಂದು ಅವಳ ಅಭಿಪ್ರಾಯ. ಸದ್ದು ಪೂರ್ತಿ ಏರಿಸಿದ್ದವಳು ನಾನೇ. ಪಕ್ಕದ ಆಟೋದವರೂ ತಿರುಗಿ ನೋಡಿದರು.

“ಲೇ, ದಡ್ಡಿ! ಅದನ್ನ ನಂಗ್ ಹೇಳಕ್ಕೇನಾಗಿತ್ತೇ ನಿಂಗೆ?”

ಅಮ್ಮ ಹೌಹಾರಿ ಚೀಲವನ್ನು ನನ್ನ ಮಡಿಲಿಗೆ ಎಸೆದಳು. “ಅಕ್ಕ!” ಎಂದಳು. ಆಮೇಲೆ ಚೀಲವನ್ನು ಎಳೆದುಕೊಂಡು, ಫೋನನ್ನು ತೆಗೆಯುವ ಬುದ್ಧಿಯೂ ತೋಚದೆ, ಅದರ ಬಾಯಿಗೇ ಮುಖ ಇಟ್ಟು, “ಅಕ್ಕಾ, ಎಲ್ಲಿದೀಯೇ?” ಎಂದು ಕೇಳಿದಳು.

“ಎಲ್ಲಿರ್ತೀನಿ? ಮನೇಲಿದೀನಿ. ಗಾಡಿ ಈ ಕಡೆ ತಿರುಗ್ಸು ಅನ್ನು. ಅನ್ನಕ್ಕಿಟ್ಟಿದೀನಿ.”

ಪೆಟ್ರೋಲ್ ಹಾಕಿಸಿ ಮುಂದಿನ ಸೀಟಿಗೆ ಬಂದ ಆಟೋದವನು ನಮ್ಮಿಬ್ಬರ ಮುಖ ನೋಡಿ, “ಯಾಕಮ್ಮಾ, ಏನಾಯ್ತು?” ಎಂದ. ಕುಂಬಾರಕೊಪ್ಪಲಿಗೆ ನಡೆಯಪ್ಪ ಎಂದೆ. ದಾರಿಯುದ್ದಕ್ಕೂ ಅಮ್ಮ ಚೀಲವನ್ನು ಎರಡೂ ಕೈಯಲ್ಲಿ ತುಂಬಿದ ಹಾಲಿನ ಪಾತ್ರೆಯ ಹಾಗೆ ಹಿಡಿದುಕೊಂಡಿದ್ದಳು.

ದೊಡ್ಡಮ್ಮ ಗೇಟಿನ ಹತ್ತಿರವೇ ನಿಂತಿದ್ದಳು. ಫೋನು ಇನ್ನೂ ಕಿವಿಯಲ್ಲೇ. ನಾವು ಇಳಿಯುವುದನ್ನು ಕಣ್ಣಾರೆ ನೋಡುತ್ತಿದ್ದರೂ ಫೋನಿನಲ್ಲೇ, “ಬಂದ್ಯಾ?” ಎಂದಳು. ಆ ‘ಬಂದ್ಯಾ’ ಒಂದು ಸಲ ಗೇಟಿನಿಂದ ಕೇಳಿಸಿತು, ಇನ್ನೊಂದು ಸಲ ಚೀಲದಿಂದ. ಅಮ್ಮ ಎರಡಕ್ಕೂ ಸೇರಿಸಿ ಹೂಂ ಎಂದಳು.

ಒಳಗೆ ಹೋಗಿ ಕೂತ ಮೇಲೆ ಅಮ್ಮ ಭರಣಿ ತೆಗೆದಳು. ಈ ಸಲ ಬಚ್ಚಿಡಲಿಲ್ಲ. ಆದರೆ ಮುಚ್ಚಳ ತೆಗೆದವಳಿಗೆ ಮುಂದೇನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಹಿಡಿದುಕೊಂಡು ಕೂತಳು. ದೊಡ್ಡಮ್ಮ ಅದನ್ನು ಅವಳ ಕೈಯಿಂದ ತಗೊಂಡಳು. ಗಂಡ ಹೋದವಳು ಕುಂಕುಮ ಮುಟ್ಟಬಾರದು ಎಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಅವಳು ಉಂಗುರದ ಬೆರಳು ಅದ್ದಿ ಅಮ್ಮನ ಹಣೆಗೆ ಅಗಲವಾಗಿ, ಹಿಂದೆ ಶಾಲೆಗೆ ಕಳಿಸುವಾಗ ಇಡುತ್ತಿದ್ದಳಂತಲ್ಲ, ಹಾಗೆ ಇಟ್ಟಳು.

“ತಗೋ. ನೀನು ಎಷ್ಟು ಮನೆ ಸುತ್ತಿದ್ರೂ ಮೊದಲ್ನೇ ಕುಂಕುಮ ನಂದೇ ಆಯ್ತು. ಈಗ ಕರಿ, ಬಾಯ್ತುಂಬ.”

ಅಮ್ಮ ಅಳುತ್ತಲೇ ಕರೆದಳು. ಸೊಸೆಗೆ ಸೀಮಂತ ಇಟ್ಕೊಂಡಿದೀವಿ, ಹಿಂದಿನ ದಿನಾನೇ ಬಂದ್ಬುಡ್ಬೇಕು, ಮುಂದಿನ ಸಾಲಲ್ಲಿ ಕೂತ್ಕೋಬೇಕು, ಊಟ ಮಾಡ್ದೆ ಹೋದ್ರೆ ನಾನು ಸುಮ್ನಿರಲ್ಲ ಎಂದು. ದೊಡ್ಡಮ್ಮ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಒಂದೇ ಒಂದು ಷರತ್ತು ಹಾಕಿದಳು.

“ಅವರೆಕಾಯಿ ಮಾತ್ರ ನಾನ್ ತರ್ತೀನಿ. ನೀನು ತಗೊಳೋದ್ರಲ್ಲಿ ಸೊಗಡೇ ಇರಲ್ಲ.”

ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದವಳು ಅಲ್ಲೇ ನಿಲ್ಲಿಸಿದಳು.

“ನಾನು ಎಂಥಾದ್ ತಗೊಂಡೆ ಅಂತ ನಿಂಗೆಂಗೆ ಗೊತ್ತು?”

ದೊಡ್ಡಮ್ಮ ನನ್ನನ್ನು ನೋಡಿದಳು. ನಾನು ಚೀಲದೊಳಕ್ಕೆ ಕೈ ಹಾಕಿದೆ. ಫೋನು ಬಿಸಿಯಾಗಿತ್ತು, ಸೆಕೆಂಡುಗಳು ಇನ್ನೂ ಓಡುತ್ತಿದ್ದವು. ಇಬ್ಬರೂ ಎದುರುಬದುರು ಕೂತಿದ್ದಾರೆ, ಇನ್ನು ಇದು ಬೇಕಾಗಿಲ್ಲ ಎಂದುಕೊಂಡು ಕೆಂಪು ಗುಂಡಿ ಒತ್ತಿದೆ.